ಮೊಳೆ ಹೊಡೆಯದ ಮನುಷ್ಯನಿಗೆ ಯಾಕೆ ದುಡ್ಡು?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಪಕ್ಕದ ಕನ್ನಡದವರ ಮನೆಯ ಬಚ್ಚಲು ಒಡೆದು ಹೊಸದಾಗಿ ಮಾಡಿಸುತ್ತಿದ್ದಾರೆ. ಹಾಸನದಿಂದ ಬಂದಿರುವ ಅವರ ತಂದೆ ದಿನಾ ಕುರ್ಚಿ ಹಾಕಿಕೊಂಡು ಕೆಲಸ ನೋಡುತ್ತಾರೆ. ನಾಲ್ಕನೇ ದಿನ ಮಗನನ್ನು ಕರೆದು ಕೇಳಿದರು: “ಅಲ್ಲ ಕಣೋ, ಜನರಲ್ ಕಾಂಟ್ರಾಕ್ಟರ್ ಅಂತೀಯಲ್ಲ, ಅವನು ಒಂದು ಮೊಳೆ ಹೊಡೆದಿದ್ದು ನಾನು ನೋಡ್ಲಿಲ್ಲ. ಫೋನ್ ಹಿಡ್ಕೊಂಡು ಓಡಾಡೋಕೆ ಅಷ್ಟು ದುಡ್ಡಾ?”

ಕೇಳಬೇಕಾದ ಪ್ರಶ್ನೆಯೇ. ನಮ್ಮ ಕಡೆ ಮೇಸ್ತ್ರಿ ಅಂದರೆ ಕರಣೆ ಹಿಡಿದವನು. ಪ್ಲಂಬರ್ ಬೇರೆ, ಕರೆಂಟಿನವನು ಬೇರೆ, ಟೈಲ್ಸಿನವನು ಬೇರೆ. ಇವರನ್ನೆಲ್ಲ ಹೊಂದಿಸುವುದು ಮನೆಯವರ ಪಾಡು. ಸೋರಿದರೆ ಪ್ಲಂಬರ್ ಟೈಲ್ಸಿನವನನ್ನು ತೋರಿಸುತ್ತಾನೆ, ಟೈಲ್ಸಿನವನು ಪ್ಲಂಬರನ್ನು. ಈ ಹಿರಿಯ ಯಜಮಾನರ ಹಾಸನದ ಮನೆಯಲ್ಲೇ ಮಹಡಿ ಬಚ್ಚಲನ್ನು ಈಗ ಎರಡನೇ ಸಲ ಒಡೆಸಿದ್ದಾರೆ. ಇಲ್ಲಿ ಆ ಇಬ್ಬರ ನಡುವೆ ನಿಲ್ಲುವುದಕ್ಕೇ ಕಾಂಟ್ರಾಕ್ಟರ್‌ಗೆ ದುಡ್ಡು.

ಕಮೋಡ್ ಒಂದನ್ನೇ ನೋಡಿ. ಅದು ಕೂರುವ ಫ್ಲ್ಯಾಂಜ್‌ನ, ಅಂದರೆ ನೆಲದಲ್ಲಿ ಕೊಳವೆಯ ಬಾಯಿಗೆ ಹಾಕುವ ಬಳೆಯ, ನಡುಮಧ್ಯ ಸಾಮಾನ್ಯವಾಗಿ ಮುಗಿದ ಗೋಡೆಯಿಂದ 12 ಇಂಚು ದೂರ ಇರಬೇಕು. ‘ಮುಗಿದ ಗೋಡೆ’ ಎನ್ನುವಲ್ಲೇ ಎಡವುವುದು. ಬರಿಯ ಮರದ ಚೌಕಟ್ಟಿನಿಂದ ಅಳೆದರೆ, ಮೇಲೆ ಬರುವ ಬೋರ್ಡು, ಟೈಲ್ಸು ಸೇರಿ ಮುಕ್ಕಾಲು ಇಂಚು ತಿಂದುಬಿಡುತ್ತವೆ, ಟ್ಯಾಂಕು ಗೋಡೆಗೆ ತಾಗುತ್ತದೆ. ನೆಲದ್ದೂ ಇದೇ ಕಥೆ. ಫ್ಲ್ಯಾಂಜ್ ಟೈಲ್ಸಿನ ಮೇಲೆ ಕೂರಬೇಕು. ನೆಲ ಎತ್ತರವಾಗಿ ಅದು ಕೆಳಗೇ ಉಳಿದರೆ ಕಮೋಡಿಗೂ ಅದಕ್ಕೂ ನಡುವಿನ ಮೇಣದ ಉಂಗುರ ಸರಿಯಾಗಿ ಒತ್ತುವುದಿಲ್ಲ. ಸೋರಿಕೆ ಕಣ್ಣಿಗೆ ಬೀಳದೆ ಕೆಳಗಿನ ಪ್ಲೈವುಡ್ ಕೊಳೆಯುತ್ತದೆ. ಷವರ್ ವಾಲ್ವನ್ನು ಗೋಡೆಯಲ್ಲಿ ಎಷ್ಟು ಆಳಕ್ಕೆ ಕೂರಿಸಬೇಕು ಎನ್ನುವುದಕ್ಕೂ ಟೈಲ್ಸಿನ ದಪ್ಪ ಮೊದಲೇ ಗೊತ್ತಿರಬೇಕು. ಅಂದರೆ ಪ್ಲಂಬರ್ ಪೈಪು ಮುಟ್ಟುವ ಮೊದಲೇ ಟೈಲ್ಸು ಆರಿಸಿ ಆಗಿರಬೇಕು. ಆ ಫೋನೆಲ್ಲ ಇದಕ್ಕೇ. ಗಾಜಿನ ಬಾಗಿಲಿಗೆ ಮಾತ್ರ ತದ್ವಿರುದ್ಧ: ಟೈಲ್ಸು ಕೂತ ಮೇಲೇ ಅಳತೆ. ಅದು ತಯಾರಾಗಿ ಬರುವವರೆಗೆ ಪ್ಲಾಸ್ಟಿಕ್ ಪರದೆಯೇ ಗತಿ.

ಪರ್ಮಿಟ್, ಅಂದರೆ ನಗರದ ಅನುಮತಿ, ತೆಗೆಸುವುದೂ ಕಾಂಟ್ರಾಕ್ಟರ್‌ದೇ ಕೆಲಸ. “ನೀವೇ ನಿಮ್ಮ ಹೆಸರಲ್ಲಿ ತೆಗೆಸಿ, ಖರ್ಚು ಕಮ್ಮಿ” ಎನ್ನುವವನನ್ನು ಬಾಗಿಲಲ್ಲೇ ಕಳಿಸಬೇಕು. ಹಾಗೆ ತೆಗೆಸಿದರೆ ಕಾನೂನಿನ ಕಣ್ಣಿಗೆ ಮನೆ ಕಟ್ಟುವವರು ನೀವು, ತಪ್ಪೂ ನಿಮ್ಮದು. ಪೈಪು, ವೈರು ಎಳೆದ ಮೇಲೆ, ಗೋಡೆ ಮುಚ್ಚುವ ಮುಂಚೆ ನಗರದ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಮರದ ಅಂಚಿಗೆ ತೀರ ಹತ್ತಿರ ಹಾದುಹೋಗುವ ಪೈಪಿಗೆ, ವೈರಿಗೆ ಉಕ್ಕಿನ ತಗಡು ಹೊಡೆದಿದೆಯಾ? ಇಲ್ಲದಿದ್ದರೆ ಬೋರ್ಡಿನ ಸ್ಕ್ರೂ ನೇರ ಪೈಪಿಗೇ ಇಳಿಯುತ್ತದೆ. ಬಚ್ಚಲಿನ ಹಬೆ ಎಳೆಯುವ ಫ್ಯಾನಿನ ಕೊಳವೆ ಹೊರಗೆ ಹೋಗಿದೆಯಾ, ಅಟ್ಟದಲ್ಲೇ ಬಿಟ್ಟಿದ್ದಾರಾ? ಅಟ್ಟದಲ್ಲಿ ಬಿಟ್ಟರೆ ಒಂದೆರಡು ಚಳಿಗಾಲಕ್ಕೆ ಬೂಷ್ಟು ಖಂಡಿತ. ಈ ತಪಾಸಣೆಗೆ ಮುಂಚೆ ಗೋಡೆ ಮುಚ್ಚಿದರೆ ಮತ್ತೆ ಬಿಚ್ಚಿಸಬಹುದು, ಅದರ ಖರ್ಚು ಕಾಂಟ್ರಾಕ್ಟರ್‌ದು.

1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಧೂಳು ಹರಡದಂತೆ ಕೆಲಸ ಮಾಡಲು ಪ್ರಮಾಣಪತ್ರ ಪಡೆದವರೇ ಬೇಕು. ಊರಲ್ಲಿ ಬಣ್ಣ ಉಜ್ಜುವಾಗ ಮಕ್ಕಳು ಅಲ್ಲೇ ಆಡುತ್ತಿರುತ್ತವೆ, ಯಾರೂ ಏಳಿ ಅನ್ನುವುದಿಲ್ಲ.

ದುಡ್ಡಿನ ವಿಚಾರ ಯಜಮಾನರಿಗೆ ಹಿಡಿಸಿತು. ಈ ರಾಜ್ಯದಲ್ಲಿ ಮನೆ ರಿಪೇರಿಗೆ ಮುಂಗಡವಾಗಿ ಒಪ್ಪಂದದ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. 30,000 ಡಾಲರಿನ ಕೆಲಸಕ್ಕೂ ಸಾವಿರವೇ. ಆಮೇಲಿನ ಕಂತುಗಳೂ ಆದ ಕೆಲಸ, ಬಂದಿಳಿದ ಸಾಮಾನಿನ ಬೆಲೆ ಮೀರುವಂತಿಲ್ಲ. ನಮ್ಮಲ್ಲಿ ಅರ್ಧ ಅಡ್ವಾನ್ಸ್ ಕೊಟ್ಟು, ಆಮೇಲೆ “ಎಲ್ಲಿದ್ದೀಯಪ್ಪ?” ಅಂತ ಫೋನ್ ಮಾಡುತ್ತಾ ಕೂರುವುದು ಎಲ್ಲರಿಗೂ ಗೊತ್ತು. ಹಳೆ ನೆಲ ಎಬ್ಬಿಸಿದಾಗ ಕೊಳೆತ ಮರ ಸಿಕ್ಕಿದರೆ ಏನು ಹೆಚ್ಚುವರಿ ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ ಮೇಲೇ ಕೈ ಹಾಕಬೇಕು. ಬಾಯಿಮಾತಿಗೆ ಒಪ್ಪಿಕೊಂಡರೆ ಕೊನೆಗೆ ಲೆಕ್ಕ ಹತ್ತುವುದಿಲ್ಲ.

ಇನ್ನೊಂದು ಕೊಕ್ಕೆ ಇದೆ. ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಕಾಂಟ್ರಾಕ್ಟರ್ ಟೈಲ್ಸಿನವನಿಗೆ ಬಾಕಿ ಇಟ್ಟರೆ, ಆ ಟೈಲ್ಸಿನವನು ನಿಮ್ಮ ಮನೆಯ ಮೇಲೇ ಲೀನ್ ಹಾಕಬಹುದು, ಅಂದರೆ ಋಣದ ಹಕ್ಕು ದಾಖಲಿಸಬಹುದು. ಕೆಲಸ ಶುರುವಾದ ಮೇಲೆ ಅಂಚೆಯಲ್ಲಿ ಬರುವ ‘20 ದಿನದ ನೋಟಿಸ್’ ಈ ಹಕ್ಕು ಕಾಯ್ದಿಟ್ಟುಕೊಳ್ಳುವುದಕ್ಕೇ. ನೋಡಿ ಗಾಬರಿಯಾಗಬೇಕಿಲ್ಲ, ಎಸೆಯಲೂಬಾರದು. ಪ್ರತಿ ಕಂತಿಗೂ ಟೈಲ್ಸಿನವನಂಥವರಿಂದ ‘ಬಾಕಿ ಇಲ್ಲ’ ಎಂಬ ಬಿಡುಗಡೆ ಪತ್ರ ತರಿಸಿಕೊಟ್ಟರೆ ಕಾಂಟ್ರಾಕ್ಟರ್ ಸರಿಯಾದವನು ಅಂತ ಲೆಕ್ಕ. ಅವನ ಲೈಸೆನ್ಸ್ ನಂಬರನ್ನು ರಾಜ್ಯದ ಲೈಸೆನ್ಸ್ ಮಂಡಳಿಯ ಜಾಲತಾಣದಲ್ಲಿ ಹಾಕಿದರೆ ಬಾಂಡು (ಅಂದರೆ ಜಾಮೀನು), ಕೆಲಸಗಾರರ ವಿಮೆ ಎಲ್ಲ ಕಾಣುತ್ತದೆ. ಬಾಂಡು 25,000 ಡಾಲರಿನದು. ಅದೊಂದಿದೆ ಅಂತ ಮನೆಗಾದ ಹಾನಿಗೆಲ್ಲ ವಿಮೆ ಇದೆ ಅಂದುಕೊಳ್ಳಬಾರದು.

ಮೊನ್ನೆ, ಸೋರುತ್ತದಾ ಅಂತ ನೋಡಲು, ಷವರಿನ ನೆಲಕ್ಕೆ ನೀರು ಕಟ್ಟಿದರು. ತೂಬಿನ ಕಡೆಗೆ ಅಡಿಗೆ ಕಾಲಿಂಚು ಇಳಿಜಾರು, ಮೇಲೆ ನೀರು ಇಳಿಯದ ಹಾಳೆ, ತೂಬಿಗೆ ರಬ್ಬರ್ ಬಿರಡೆ. ಕಟ್ಟೆಯ ಅಂಚಿಗಿಂತ ತುಸು ಕೆಳಗಿನವರೆಗೆ ನೀರು ತುಂಬಿಸಿ, ಕಾಂಟ್ರಾಕ್ಟರ್ ಬಗ್ಗಿ ಪೆನ್ಸಿಲಿನಲ್ಲಿ ಗೆರೆ ಎಳೆದ. ಅವನ ಕೈಯಲ್ಲಿ ಉಪಕರಣ ಕಂಡದ್ದು ಅದೊಂದೇ. ಮಾರನೇ ದಿನ ಇನ್‌ಸ್ಪೆಕ್ಟರ್ ಬರುವ ಮೊದಲೇ ಯಜಮಾನರು ಕುಕ್ಕರಗಾಲಲ್ಲಿ ಕೂತು, ಕನ್ನಡಕ ಮೂಗಿಗಿಳಿಸಿ ನೋಡಿದರು. ನೀರು ಗೆರೆಯಲ್ಲೇ ಇತ್ತು.

ಆಮೇಲೆ ಹಿತ್ತಿಲಿಗೆ ಹೋಗಿ ಹಾಸನಕ್ಕೆ ಫೋನ್ ಹಚ್ಚಿದರು: “ಟೈಲ್ಸ್ ಹಾಕ್ಬೇಡ ಕಣಪ್ಪ, ನಿಲ್ಸು. ತೂಬಿಗೆ ಬಟ್ಟೆ ತುರುಕಿ ನೀರು ಕಟ್ಟು. ಗೋಡೆ ಮೇಲೆ ಗೆರೆ ಎಳಿ. ನಾಳೆ ಇಷ್ಟೊತ್ತಿಗೆ ವಿಡಿಯೋದಲ್ಲಿ ನನಗೇ ತೋರ್ಸು.”