ಹಡಗಿನಲ್ಲಿ ಪ್ರತಿ ವಸ್ತುವಿಗೂ ಎರಡನೇ ಕೆಲಸ ಇರುತ್ತದೆ

ನಾನು ಕ್ರೂಸ್ ಹಡಗುಗಳ ಒಳಾಂಗಣ ವಿನ್ಯಾಸ ಮಾಡುವ ತಂಡದಲ್ಲಿದ್ದೇನೆ. ಕ್ಯಾಬಿನ್, ಕಾರಿಡಾರ್, ಊಟದ ಹಾಲ್, ಥಿಯೇಟರ್ ಹೇಗಿರಬೇಕು ಅಂತ ನಕ್ಷೆ ಮಾಡುತ್ತೇವೆ. ಬಟ್ಟೆ, ಬಣ್ಣ, ದೀಪ ಆಯ್ಕೆ ಮಾಡುತ್ತೇವೆ. ಆಮೇಲೆ ಶಿಪ್‌ಯಾರ್ಡ್‌ಗೆ ಹೋಗಿ ಎಲ್ಲ ಸರಿಯಾಗಿ ಕೂತಿದೆಯಾ ಅಂತ ನೋಡುತ್ತೇವೆ. ನಮ್ಮಲ್ಲಿ ಹೋಟೆಲ್ ವಿನ್ಯಾಸ ಮಾಡಿಕೊಂಡಿದ್ದು ಈ ಕಡೆ ಬಂದವರೇ ಜಾಸ್ತಿ. ಹೊಸಬರು ಏನೇ ತೋರಿಸಿದರೂ ತಂಡದ ಹಿರಿಯರು ಮೊದಲು ಕೇಳುವುದು, "ಚೆನ್ನಾಗಿದೆ, ಇದು ಬೇರೆ ಏನು ಕೆಲಸ ಮಾಡುತ್ತೆ?" ಅಂತ. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದು.

ಮೊದಲು ತೂಕದ ವಿಷಯ. ಮೇಲಿನ ಡೆಕ್‌ಗಳಲ್ಲಿ, ಅಂದರೆ ಹಡಗಿನ ಮಹಡಿಗಳಲ್ಲಿ, ತೂಕ ಹೆಚ್ಚಿದಷ್ಟೂ ಹಡಗಿನ ಸಮತೋಲ ಕಷ್ಟವಾಗುತ್ತದೆ. ಅದಕ್ಕೇ ಲಾಬಿಯಲ್ಲಿ ಕಾಣುವ ಅಮೃತಶಿಲೆ ಎಷ್ಟೋ ಕಡೆ ತೆಳ್ಳಗೆ ಸೀಳಿದ ಪದರ ಮಾತ್ರ. ಅದರ ಹಿಂದೆ ಜೇನುಗೂಡಿನಂತೆ ಟೊಳ್ಳಾದ ಅಲ್ಯುಮಿನಿಯಂ ಹಲಗೆ ಇರುತ್ತದೆ. ಮುಟ್ಟಿದರೆ ಕಲ್ಲೇ, ಎತ್ತಿದರೆ ಹಗುರ. ಈಜುಕೊಳದ್ದು ಇನ್ನೊಂದು ಕಥೆ. ಅಲ್ಲಿ ತೂಕದ ಜೊತೆಗೆ ನೀರಿನ ಓಲಾಟವೂ ಇದೆ. ಸಮುದ್ರ ಜೋರಾದಾಗ ಕೊಳ ಮುಚ್ಚಿ, ಬೇಕಾದರೆ ನೀರನ್ನೂ ಖಾಲಿ ಮಾಡುತ್ತಾರೆ. ಹಾಗಾಗಿ ನೀರಿಲ್ಲದಾಗಲೂ ಆ ಜಾಗ ಬಿಕೋ ಅನ್ನದ ಹಾಗೆ ನಾವು ಯೋಚಿಸಬೇಕು.

ಇನ್ನು ಬೆಂಕಿ. 1934ರಲ್ಲಿ ಮೊರೊ ಕ್ಯಾಸಲ್ ಎಂಬ ಐಷಾರಾಮಿ ಹಡಗು ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಬಳಿ ಹೊತ್ತಿ ಉರಿದು 137 ಜನ ಸತ್ತರು. ಅದರ ಅಂದವೆಲ್ಲ ಮರದ ಹಲಗೆ, ಅಂಟು, ಪಾಲಿಶ್‌ನಲ್ಲಿತ್ತು. ಬೆಂಕಿ ಅಷ್ಟು ಬೇಗ ಹರಡಿದ್ದಕ್ಕೆ ಅದೂ ಒಂದು ಕಾರಣ. ಇಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಹಡಗನ್ನು ಉದ್ದಕ್ಕೂ ಅಗ್ನಿ ವಲಯಗಳಾಗಿ ಭಾಗ ಮಾಡುತ್ತಾರೆ. ಒಂದು ವಲಯ ಸಾಮಾನ್ಯವಾಗಿ 40 ಮೀಟರ್, ಹೆಚ್ಚೆಂದರೆ 48 ಮೀಟರ್. ನಡುವಿನ ಗೋಡೆ ಎ-60 ದರ್ಜೆಯದಾದರೆ 60 ನಿಮಿಷ ಹೊಗೆಯನ್ನೂ ಜ್ವಾಲೆಯನ್ನೂ ತಡೆಯಬೇಕು. ಉದ್ದ ಕಾರಿಡಾರ್‌ನಲ್ಲಿ ಅಲ್ಲಲ್ಲಿ ದಪ್ಪ ಚೌಕಟ್ಟು ಕಾಣುತ್ತದಲ್ವಾ? ಅಲ್ಲೇ ಬೆಂಕಿ ತಡೆಯುವ ಬಾಗಿಲುಗಳು ಅಯಸ್ಕಾಂತಕ್ಕೆ ಅಂಟಿಕೊಂಡು ತೆರೆದು ನಿಂತಿರುತ್ತವೆ. ಅಪಾಯ ಬಂದರೆ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಿಂದಲೇ ಅವನ್ನು ಮುಚ್ಚಬಹುದು. ಆ ಚೌಕಟ್ಟನ್ನು ಅಡಗಿಸುವುದು ನನಗೆ ಇಷ್ಟವಿಲ್ಲ. ಅದಕ್ಕೊಂದು ಬಣ್ಣ ಕೊಟ್ಟು, ದೀಪ ಕೊಟ್ಟು, ಜನ ನೆನಪಿಟ್ಟುಕೊಳ್ಳುವ ಗುರುತಾಗಿ ಮಾಡಬಹುದು.

ಯಾಕೆಂದರೆ ಹಡಗಿನಲ್ಲಿ ದಾರಿ ತಪ್ಪುವುದು ತುಂಬಾ ಸುಲಭ. 2024ರಲ್ಲಿ ಸಂಚಾರ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಸುಮಾರು 365 ಮೀಟರ್ ಉದ್ದವಿದೆ. 20 ಡೆಕ್‌ಗಳಿವೆ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಕಿಟಕಿಯೇ ಇಲ್ಲದ ಕಾರಿಡಾರ್‌ನಲ್ಲಿ ನಿಂತರೆ ಎಡವೂ ಬಲವೂ ಒಂದೇ ಥರ ಕಾಣುತ್ತದೆ. ಲಿಫ್ಟ್‌ನಿಂದ ಹೊರಬಂದವರು ನಾಲ್ಕು ಹೆಜ್ಜೆ ಹಾಕಿ, ನಿಂತು, ತಿರುಗಿ ಹೋಗುವುದನ್ನು ನಾನು ಯಾವ ಹಡಗಿನಲ್ಲಿ ಬೇಕಾದರೂ ಕಾಣುತ್ತೇನೆ. ಫಲಕ ಹಾಕಿದರೆ ಸಾಲದು, ಜನ ಫಲಕ ಓದುವುದಿಲ್ಲ. ಆದರೆ ನೆಲ ನೋಡುತ್ತಾರೆ. ಅದಕ್ಕೇ ಕೆಲವು ಹಡಗುಗಳ ಕಾರ್ಪೆಟ್ ಮೇಲೆ ಮೀನುಗಳ ಚಿತ್ರವಿರುತ್ತದೆ. ಮೀನುಗಳೆಲ್ಲ ಹಡಗಿನ ಮುಂಭಾಗದ ಕಡೆಗೇ ಈಜುತ್ತಿರುತ್ತವೆ. ಇನ್ನು ಕೆಲವದರಲ್ಲಿ ಎಡಬದಿಗೆ ಒಂದು ಬಣ್ಣ, ಬಲಬದಿಗೆ ಇನ್ನೊಂದು. ಮೆಟ್ಟಿಲ ಬಳಿಯ ಚಿತ್ರಕಲೆಯನ್ನೂ ನಾವು ಇದಕ್ಕಾಗಿಯೇ ಆರಿಸುತ್ತೇವೆ. "ಕೆಂಪು ಹಕ್ಕಿಯ ಹತ್ತಿರ ಸಿಗೋಣ" ಅಂತ ಮಕ್ಕಳು ಹೇಳುವಂತಿರಬೇಕು. ಎಲ್ಲ ಲಾಬಿಗೂ ಒಂದೇ ಬಗೆಯ ಮಸುಕು ಚಿತ್ರ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಗೋಡೆಯ ಕೆಳಗಿನ ಅಂಚನ್ನೂ ನಾವು ಮುಟ್ಟುವ ಹಾಗಿಲ್ಲ. ತಪ್ಪಿಸಿಕೊಳ್ಳುವ ದಾರಿ ತೋರಿಸುವ ದೀಪ ಅಥವಾ ಕತ್ತಲಲ್ಲಿ ಹೊಳೆಯುವ ಪಟ್ಟಿ ನೆಲದಿಂದ 30 ಸೆಂಟಿಮೀಟರ್ ಒಳಗೇ ಇರಬೇಕು. ಹೊಗೆ ಮೇಲೆ ತುಂಬಿಕೊಳ್ಳುತ್ತದೆ, ಜನ ಬಗ್ಗಿ ತೆವಳಬೇಕಾಗುತ್ತದೆ. ಹಾಗಾಗಿ ಕಾರಿಡಾರ್‌ನಲ್ಲಿ ಚಂದದ ಮೇಜು, ಹೂಕುಂಡ ಇಡುವ ಆಸೆ ಬಿಡಬೇಕು.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಕ್ಯಾಬಿನ್. ಬಹುತೇಕ ಕ್ಯಾಬಿನ್‌ಗಳು ಕಾರ್ಖಾನೆಯಲ್ಲೇ ಸ್ನಾನದ ಕೋಣೆ ಸಮೇತ ಸಿದ್ಧವಾಗುತ್ತವೆ. ಅವನ್ನು ಇಡಿಯಾಗಿ ತಂದು ಹಡಗಿನೊಳಗೆ ತಳ್ಳಿ, ಪೈಪು, ವೈರು ಜೋಡಿಸುತ್ತಾರೆ. ಗೋಡೆ ಅಂದರೆ ತೆಳು ಉಕ್ಕಿನ ಹಾಳೆ, ಒಳಗೆ ಬೆಂಕಿ ತಡೆಯುವ ಖನಿಜ ಉಣ್ಣೆ. ಅದಕ್ಕೇ ಅಲ್ಲಿ ಅಯಸ್ಕಾಂತ ಅಂಟುತ್ತದೆ. ಪ್ರಯಾಣ ಹೊರಟವರು ನಾಲ್ಕು ಅಯಸ್ಕಾಂತದ ಕೊಕ್ಕೆ ಜೊತೆಗಿಟ್ಟುಕೊಳ್ಳಿ, ಟೋಪಿ, ಚೀಲ ನೇತುಹಾಕಲು ಬಹಳ ಉಪಯೋಗ. ಸೂಟ್‌ಕೇಸ್ ಕೆಳಗೆ ಹೋಗುವಷ್ಟು ಮಂಚ ಎತ್ತರವಿರಬೇಕು. ಸೋಫಾ ರಾತ್ರಿ ಹಾಸಿಗೆಯಾಗಬೇಕು. ಟಾಯ್ಲೆಟ್ ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ, ಒಂದು ಸಲಕ್ಕೆ ಸುಮಾರು ಒಂದು ಲೀಟರ್ ನೀರು ಸಾಕು.

ಹಡಗಿನ ಒಳಭಾಗದ, ಕಿಟಕಿಯಿಲ್ಲದ ಕ್ಯಾಬಿನ್‌ಗೇ ಅತಿ ಹೆಚ್ಚು ಶ್ರಮ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಡಿಮೆ ದರ ಕೊಟ್ಟವರೂ ಸಮುದ್ರಕ್ಕೇ ಬಂದವರು. ದೀಪ ಆರಿಸಿದರೆ ಮಧ್ಯಾಹ್ನವೂ ಅಲ್ಲಿ ನಡುರಾತ್ರಿ. 2011ರ ಡಿಸ್ನಿ ಡ್ರೀಮ್ ಹಡಗಿನ ಇಂಥ ಕ್ಯಾಬಿನ್‌ಗಳಲ್ಲಿ ದುಂಡು ಕಿಟಕಿಯಂಥ ಪರದೆ ಹಾಕಿದರು. ಹೊರಗಿನ ಕ್ಯಾಮೆರಾದ ದೃಶ್ಯ ಆಗಿಂದಾಗಲೇ ಅದರಲ್ಲಿ ಕಾಣುತ್ತದೆ. ಎದ್ದ ಕೂಡಲೇ ಬೆಳಗಾಗಿದೆ ಅಂತ ಗೊತ್ತಾಗುವುದು ಚಿಕ್ಕ ವಿಷಯವೇನಲ್ಲ.

ಎರಡನೇ ಕೆಲಸ ಇರಬೇಕು ಅನ್ನುವ ನಿಯಮ ದೊಡ್ಡ ಸೌಲಭ್ಯಗಳಿಗೂ ಇದೆ. ಥಿಯೇಟರ್, ಊಟದ ಹಾಲ್ ಎಷ್ಟೋ ಹಡಗುಗಳಲ್ಲಿ ತುರ್ತು ಸಮಯದಲ್ಲಿ ಜನ ಸೇರುವ ಸ್ಥಳಗಳೂ ಹೌದು. ಆದ್ದರಿಂದ ಕುರ್ಚಿಗಳ ನಡುವಿನ ದಾರಿಯ ಅಗಲ ಸುಮ್ನೆ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಹೊರಬದಿಯಲ್ಲಿ ಮೇಲೆ ಕೆಳಗೆ ಓಡಾಡುವ ಮ್ಯಾಜಿಕ್ ಕಾರ್ಪೆಟ್ ಎಂಬ ವೇದಿಕೆ 2018ರ ಸೆಲೆಬ್ರಿಟಿ ಎಡ್ಜ್ ಹಡಗಿನಲ್ಲಿದೆ. ಮೇಲಿದ್ದಾಗ ಅಲ್ಲಿ ಊಟ. 2ನೇ ಡೆಕ್‌ಗೆ ಇಳಿದಾಗ ದಡಕ್ಕೆ ಹೋಗುವ ದೋಣಿ ಹತ್ತುವ ಕಟ್ಟೆ. ಈ ಉದ್ಯಮದಲ್ಲಿ ನನಗೆ ಅತ್ಯಂತ ಇಷ್ಟವಾದ ಯೋಚನೆ ಇದು. 2009ರ ಒಯಾಸಿಸ್ ಆಫ್ ದ ಸೀಸ್ ಮೇಲಿನ ಸೆಂಟ್ರಲ್ ಪಾರ್ಕ್ ಕೂಡ ಹಾಗೇ. ಹಡಗಿನ ನಡುವನ್ನು ಆಕಾಶಕ್ಕೆ ತೆರೆದು ನಿಜವಾದ ಗಿಡಗಳನ್ನು ಬೆಳೆಸಿದರು. ಅದರಿಂದ ಒಳಗಿನ ಕ್ಯಾಬಿನ್‌ಗಳಿಗೂ ಬಾಲ್ಕನಿ, ಬೆಳಕು ಸಿಕ್ಕಿತು.

ಪ್ರಯಾಣಿಕರಿಗೆ ಕಾಣದ ಇನ್ನೊಂದು ಹಡಗು ಒಳಗೇ ಇದೆ. ಕೆಳಗಿನ ಡೆಕ್‌ನಲ್ಲಿ ಉದ್ದಕ್ಕೂ ಸಾಗುವ ಸಿಬ್ಬಂದಿ ಕಾರಿಡಾರ್‌ಗೆ ಅನೇಕ ಹಡಗುಗಳಲ್ಲಿ ಐ-95 ಅಂತಾರೆ, ಅಮೆರಿಕದ ಹೆದ್ದಾರಿಯ ಹೆಸರು. ಸಾಮಾನು, ತೊಳೆದ ಬಟ್ಟೆ, ಕಸ, ಜನ ಎಲ್ಲ ಅಲ್ಲೇ ಓಡಾಡುವುದು. ಮೇಲಿನ ಲಾಬಿಗೆ ನಾನು ಆಯ್ಕೆ ಮಾಡಿದ ದೀಪದ ಧೂಳು ಒರೆಸುವವರು ಇಲ್ಲಿಂದಲೇ ಬರುತ್ತಾರೆ. ಈಗ ಯಾವುದೇ ದೀಪ ಅಂತಿಮ ಮಾಡುವ ಮೊದಲು ಹೌಸ್‌ಕೀಪಿಂಗ್‌ನವರನ್ನು ಕರೆದು, ಏಣಿ ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳುತ್ತೇನೆ. ಅವರು ತಲೆ ಅಲ್ಲಾಡಿಸಿದರೆ ಆ ದೀಪ ಬೇಡ. ದುರಸ್ತಿಗಾಗಿ ಹಡಗನ್ನು ನೀರಿಲ್ಲದ ಕಟ್ಟೆಯಲ್ಲಿ ನಿಲ್ಲಿಸುವ ಡ್ರೈಡಾಕ್‌ಗೆ ಹೋಗಲಿರುವ ಒಂದು ಹಡಗಿನ ನವೀಕರಣದ ಪಟ್ಟಿಯಲ್ಲಿ ಸಿಬ್ಬಂದಿಯ ಊಟದ ಹಾಲ್ ಕೂಡ ಸೇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಶಬ್ದ ಹೀರುವ ಚಾವಣಿ, ರಾತ್ರಿ ಪಾಳಿಯವರ ಕಣ್ಣಿಗೆ ಹಿತವಾದ ಬೆಳಕು, ಒರಗಿ ಕೂರಬಹುದಾದ ಕುರ್ಚಿ. ನಕ್ಷೆ ಸಿದ್ಧವಾಗಿದೆ, ಖರ್ಚಿನ ಲೆಕ್ಕ ನಡೆಯುತ್ತಿದೆ.