ಮಕ್ಕಳಿರುವ ದೇಶಕ್ಕೆ ಹೊರಟವರಲ್ಲಿ ನಾನು ಮೊದಲು ಕೇಳುವ ಪ್ರಶ್ನೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅಕ್ಷಯ ಕೇಂದ್ರ (ಕೇರಳ ಸರಕಾರದ ಆನ್‌ಲೈನ್ ಸೇವೆಗಳ ಕೇಂದ್ರ) ನಡೆಸುವ ನನ್ನ ಬಳಿಗೆ ಜನ ಬರುವುದು ಹೆಚ್ಚಾಗಿ ರೇಷನ್ ಕಾರ್ಡು, ಆಧಾರ್ ತಿದ್ದುಪಡಿ, ಭೂತೆರಿಗೆ, ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂಬ ದೃಢೀಕರಣ) ಮೊದಲಾದ ಕೆಲಸಗಳಿಗೆ. ಪಾಸ್‌ಪೋರ್ಟಿನ ಅರ್ಜಿ ತುಂಬಿಸಲು ಹಿಂದೆ ಬರುತ್ತಿದ್ದವರು ಗಲ್ಫಿಗೆ ಹೊರಟ ಯುವಕರು. ಈಗ ಆ ಯುವಕರ ತಂದೆತಾಯಿಯರೂ ಬರುತ್ತಿದ್ದಾರೆ. ಮಗ ದುಬಾಯಿಯಲ್ಲೋ ಮಗಳು ಟೊರಾಂಟೋದಲ್ಲೋ ನೆಲೆಸಿರುತ್ತಾರೆ, ಮನೆಯಲ್ಲಿ ಮೊಮ್ಮಗು ಬಂದಿರುತ್ತದೆ, ತೋಟದ ನಡುವಿನ ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು ಬೇಡವೆಂದು ಮಕ್ಕಳು ಒತ್ತಾಯಿಸುತ್ತಿರುತ್ತಾರೆ. ಹೀಗೆ ಬಂದವರ ಅರ್ಜಿಗೆ ಕೈ ಹಾಕುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಅಲ್ಲಿ ಹೋದ ಮೇಲೆ ಸಂಪಾದನೆಯ ಕೆಲಸವೇನಾದರೂ ಮಾಡಬೇಕೆಂದು ನಿಮ್ಮ ಮನಸ್ಸಿನಲ್ಲಿದೆಯೇ? ಈ ಪ್ರಶ್ನೆಯನ್ನು ಫೋನಿನ ಆ ಕಡೆಯಲ್ಲಿರುವ ಮಗನಿಗಲ್ಲ, ಎದುರಿಗೆ ಕುಳಿತಿರುವ ತಾಯಿಗೆ ಅಥವಾ ತಂದೆಗೆ ಕೇಳಬೇಕು ಎಂಬುದು ಈ ಉದ್ಯೋಗದಿಂದ ನಾನು ಕಲಿತ ಪಾಠ.

ಮಕ್ಕಳು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ನಮ್ಮೊಂದಿಗೆ ಸುಮ್ಮನೆ ಇರಲಿ ಎಂಬುದು ಅವರ ಪ್ರೀತಿ, ಆ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಕೇರಳದಲ್ಲಿ ಸರಕಾರಿ ಶಾಲೆಯ ಅಧ್ಯಾಪಕರು 56ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಕೈಕಾಲು ಗಟ್ಟಿಯಿರುವ, ತರಗತಿಯ ಧ್ವನಿ ಇನ್ನೂ ಇಳಿಯದ ಆ ವಯಸ್ಸಿನಲ್ಲಿ ಅವರನ್ನು ಹತ್ತನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ ಸುಮ್ಮನೆ ಕೂರಿಸುವುದು ಸುಲಭವಲ್ಲ. ಹೊಲಿಗೆಯವರು, ಅಡುಗೆಯವರು, ಅಂಗಡಿ ನಡೆಸಿದವರು ಇವರೆಲ್ಲರೂ ಹೀಗೆಯೇ. ಕೇಳಿದಾಗ ಮಾತ್ರ ಅವರು ಮೆಲ್ಲಗೆ ಹೇಳುತ್ತಾರೆ, ಏನಾದರೂ ಮಾಡಬಹುದೆಂದು ಅಂದುಕೊಂಡಿದ್ದೆ ಎಂದು. ಹಾಗೆ ಹೇಳಿದೊಡನೆ ವೀಸಾದ ಬಗೆಯಿಂದ ಹಿಡಿದು ಬ್ಯಾಂಕಿನ ಖಾತೆಯ ವರೆಗೆ ಎಲ್ಲವೂ ಬೇರೆಯಾಗುತ್ತದೆ, ಏಕೆಂದರೆ ಒಂದು ದೇಶದಲ್ಲಿ ಇರಲು ಸಿಗುವ ಅನುಮತಿ ಬೇರೆ, ಅಲ್ಲಿ ದುಡಿಯಲು ಸಿಗುವ ಅನುಮತಿ ಬೇರೆ.

ಅಲ್ಲಿ ನೆಲೆಸಿದವರು ತಂದೆತಾಯಿಯರನ್ನು ಕರೆಸಿಕೊಳ್ಳಲು ಇರುವ ಕೆನಡಾದ ಸೂಪರ್ ವೀಸಾವನ್ನೇ ನೋಡಬಹುದು. 2011ರ ಡಿಸೆಂಬರಿನಲ್ಲಿ ಆರಂಭವಾದ ಈ ವೀಸಾ ಗರಿಷ್ಠ 10 ವರ್ಷ ಚಾಲ್ತಿಯಲ್ಲಿರುತ್ತದೆ, ಮತ್ತು 2022ರ ಜುಲೈಯಲ್ಲಿ ಬಂದ ಬದಲಾವಣೆಯ ಪ್ರಕಾರ ಒಮ್ಮೆ ಹೋದವರು ಸತತವಾಗಿ 5 ವರ್ಷ ಅಲ್ಲಿ ಉಳಿಯಬಹುದು. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರಿನ ವೈದ್ಯಕೀಯ ವಿಮೆ ಇರಬೇಕು, ಕರೆಸಿಕೊಳ್ಳುವ ಮಗನ ಅಥವಾ ಮಗಳ ಆದಾಯ ನಿಗದಿತ ಮಟ್ಟವನ್ನು ಮುಟ್ಟಿರಬೇಕು. ಇಷ್ಟೆಲ್ಲ ಆದರೂ ಈ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಆಸ್ಟ್ರೇಲಿಯದಲ್ಲಿ ಮೂರು ಅಥವಾ ಐದು ವರ್ಷಕ್ಕೆ ಕೊಡುವ ತಂದೆತಾಯಿಯರ ತಾತ್ಕಾಲಿಕ ವೀಸಾಕ್ಕೂ ಇದೇ ನಿರ್ಬಂಧವಿದೆ. ಅಮೆರಿಕಕ್ಕೆ ಸಂದರ್ಶಕರಾಗಿ ಹೋದವರು ಸಾಮಾನ್ಯವಾಗಿ ಆರು ತಿಂಗಳು ಇರಬಹುದೇ ಹೊರತು ದುಡಿಯಲಾಗದು. ಆದರೆ ಮಗ ಅಥವಾ ಮಗಳು ಅಲ್ಲಿಯ ಪೌರತ್ವ ಪಡೆದು 21 ವರ್ಷ ತುಂಬಿದವರಾಗಿದ್ದರೆ ತಂದೆತಾಯಿಯರಿಗಾಗಿ ಗ್ರೀನ್ ಕಾರ್ಡಿನ (ಕಾಯಂ ವಾಸದ ಅನುಮತಿಯ) ಅರ್ಜಿ ಹಾಕಬಹುದು, ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ, ಅದು ಸಿಕ್ಕಿದವರು ಕೆಲಸವನ್ನೂ ಮಾಡಬಹುದು.

ಕುಂಬಳೆಯ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ರವಿಕೆ ಹೊಲಿದೇ ಇಬ್ಬರು ಮಕ್ಕಳನ್ನು ಓದಿಸಿದವರು. ಮಗನಿರುವ ಕೆನಡಾದ ಊರಿನಲ್ಲಿ ನಮ್ಮ ಕಡೆಯವರ ಮನೆಗಳು ಬೇಕಾದಷ್ಟಿವೆ, ಅವರಿಗೆ ಹೊಲಿದುಕೊಟ್ಟರೆ ತನ್ನ ಕೈಖರ್ಚಿಗೆ ಮಗನ ಮುಂದೆ ಕೈ ಚಾಚಬೇಕಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು; ಇಲ್ಲಿಯ ಅಂಗಡಿಯ ಕೋಣೆಯನ್ನು ಬಿಟ್ಟುಕೊಟ್ಟು ಹೊಲಿಗೆ ಯಂತ್ರಗಳನ್ನು ಮಾರುವ ಮಾತೂ ನಡೆದಿತ್ತು. ಸೂಪರ್ ವೀಸಾದಲ್ಲಿ ಅದು ಆಗದು ಎಂದು ತಿಳಿದ ಮೇಲೆ ಅವರು ಮಗನೊಡನೆ ಮತ್ತೆ ಮಾತನಾಡಿ, ಯಂತ್ರಗಳನ್ನು ಮಾರದೆ, ತನ್ನ ಬಳಿ ಕಲಿತ ಹುಡುಗಿಯ ಕೈಗೆ ಅಂಗಡಿಯನ್ನು ಒಪ್ಪಿಸಿ ಮೊದಲು ಆರು ತಿಂಗಳಿಗೆ ಹೋದರು. ಆ ನಿರ್ಧಾರ ಅವರದೇ, ಮತ್ತು ಅದು ವಿಷಯ ತಿಳಿದು ತೆಗೆದುಕೊಂಡ ನಿರ್ಧಾರವಾಗಿತ್ತು ಎಂಬುದು ನನಗೆ ಮುಖ್ಯ.

ಯುಎಇಯ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗಿದೆ. ಅಲ್ಲಿ ತಂದೆತಾಯಿಯರನ್ನು ಕರೆಸಿಕೊಳ್ಳಲು ಸಾಮಾನ್ಯವಾಗಿ ತಿಂಗಳಿಗೆ 20,000 ದಿರ್ಹಮ್ ಸಂಬಳ, ಸಾಕಷ್ಟು ದೊಡ್ಡ ಮನೆ, ಅವರ ಹೆಸರಿನಲ್ಲಿ ಆರೋಗ್ಯ ವಿಮೆ ಬೇಕು. ವೀಸಾವನ್ನು ವರ್ಷ ವರ್ಷ ನವೀಕರಿಸಬೇಕು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕರೆಸುವುದಾದರೆ ಮರಣ ಪ್ರಮಾಣಪತ್ರದಂತಹ ಕಾರಣದ ದಾಖಲೆ ಕೊಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ತಂದೆತಾಯಿಯರಿಗೆ ತಾನೇ ಆಧಾರ, ಊರಿನಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ ಎಂದು ಮಗ ಪ್ರಮಾಣ ಮಾಡಿ ಬರೆದುಕೊಡಬೇಕು. ಅಂದರೆ ಆ ವೀಸಾ ನಿಂತಿರುವುದೇ ಅವಲಂಬನೆಯ ಮೇಲೆ. ದುಡಿಯಬೇಕೆಂಬ ಆಸೆ ಇರುವವರು, ಅದಕ್ಕೆ ತಕ್ಕ ವಯಸ್ಸೂ ಅರ್ಹತೆಯೂ ಇರುವವರು, ಆ ಕಾಗದದ ಮೇಲೆ ಹೋಗುವ ಬದಲು ಕೆಲಸವನ್ನು ಮೊದಲು ಹುಡುಕಿ ಉದ್ಯೋಗದಾತರ ವೀಸಾದಲ್ಲಿಯೇ ಹೋಗುವುದು ನೇರವಾದ ದಾರಿ ಎಂಬುದು ನನ್ನ ಅಭಿಪ್ರಾಯ. ನಿವೃತ್ತರಾದ ಒಬ್ಬ ಟೀಚರ್ ಹಾಗೆಯೇ ಮಾಡಿದರು: ಮಗಳ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಒಂದು ಭಾರತೀಯ ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೆಯೇ ಹೊರಟರು.

ಆ ಟೀಚರ ಕಾಗದಪತ್ರಗಳಿಂದಲೇ ನಮ್ಮ ಗಡಿನಾಡಿನ ಇನ್ನೊಂದು ಸಮಸ್ಯೆಯನ್ನು ವಿವರಿಸಬಹುದು. ಒಂದೇ ಮುದ್ರೆಯಿಂದ ದಾಖಲೆಯನ್ನು ಬೇರೆ ದೇಶಗಳು ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲವಾದ್ದರಿಂದ ಪದವಿ ಪತ್ರವನ್ನು ಮೊದಲು ರಾಜ್ಯ ಸರಕಾರ, ಬಳಿಕ ವಿದೇಶಾಂಗ ಸಚಿವಾಲಯ, ಬಳಿಕ ಆ ದೇಶದ ರಾಯಭಾರ ಕಚೇರಿ ಹೀಗೆ ಹಂತ ಹಂತವಾಗಿ ದೃಢೀಕರಿಸಬೇಕು. ಇಲ್ಲಿ ರಾಜ್ಯ ಸರಕಾರವೆಂದರೆ ನಾವು ವಾಸವಾಗಿರುವ ರಾಜ್ಯದ್ದಲ್ಲ, ಪದವಿ ಕೊಟ್ಟ ರಾಜ್ಯದ್ದು. ಕಾಸರಗೋಡಿನ ಕನ್ನಡಿಗರಲ್ಲಿ ಅನೇಕರು ಶಾಲೆಯನ್ನು ಇಲ್ಲಿ ಮುಗಿಸಿ ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಪದವಿ ಪಡೆದವರು. ಅವರ ಎಸ್ಸೆಸ್ಸೆಲ್ಸಿಯ ದೃಢೀಕರಣಕ್ಕೆ ನೋರ್ಕಾ ರೂಟ್ಸಿನ (ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ) ಕೋಝಿಕೋಡ್ ಕೇಂದ್ರಕ್ಕೆ ಹೋಗಬೇಕು, ಪದವಿಯ ದೃಢೀಕರಣಕ್ಕೆ ಬೆಂಗಳೂರಿಗೆ. ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1980ರಲ್ಲಿ. ಅದಕ್ಕಿಂತ ಹಿಂದೆ ಅದೇ ಕಾಲೇಜಿನಲ್ಲಿ ಓದಿದವರ ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದಾಗಿರುತ್ತದೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ 1980ರ ದಶಕದಲ್ಲಿ ಓದಿದವರ ಪದವಿಯಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಹೆಸರಿರುತ್ತದೆ, ಏಕೆಂದರೆ ಕಣ್ಣೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1996ರಲ್ಲಿ. ಎಲ್ಲಿಗೆ ಯಾವುದನ್ನು ಕಳುಹಿಸಬೇಕೆಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ತಿಂಗಳುಗಳೇ ಹೋಗುತ್ತವೆ. ಮನೆಯವರೊಂದಿಗೆ ಇರಲು ಮಾತ್ರ ಹೋಗುವವರಿಗೆ ಈ ಪದವಿಯ ಓಡಾಟ ಬೇಕಾಗಿಯೇ ಇಲ್ಲ.

ಜನ್ಮಸ್ಥಳದ ವಿಷಯ ಮಾತ್ರ ಎರಡೂ ಬಗೆಯವರಿಗೆ ಅನ್ವಯಿಸುತ್ತದೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅನಂತರ ಕೇರಳಕ್ಕೆ ಸೇರಿ, 1957ರಿಂದ ಕಣ್ಣೂರು ಜಿಲ್ಲೆಯಲ್ಲಿದ್ದು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣನ ದಾಖಲೆಯಲ್ಲಿ ದಕ್ಷಿಣ ಕನ್ನಡವೆಂದೂ ತಂಗಿಯ ದಾಖಲೆಯಲ್ಲಿ ಕಣ್ಣೂರು ಎಂದೂ ಇರುವುದು ನಮಗೆ ವಿಶೇಷವೆನಿಸದಿದ್ದರೂ ದೂರದ ದೇಶದ ಅಧಿಕಾರಿಗೆ ಅವು ಬೇರೆ ಬೇರೆ ಊರುಗಳು. ಆದ್ದರಿಂದ ಈ ಇತಿಹಾಸವನ್ನು ನಾಲ್ಕು ಸಾಲಿನಲ್ಲಿ ವಿವರಿಸುವ ಪತ್ರವೊಂದನ್ನು ನಾನು ಅರ್ಜಿಯ ಜೊತೆಗೆ ಇರಿಸುತ್ತೇನೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಮನೆಯಲ್ಲಿಯೇ ಹೆರಿಗೆಯಾದ ಅನೇಕರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಗ್ರೀನ್ ಕಾರ್ಡಿನಂತಹ ಅರ್ಜಿಗೆ ಅಂಥವರು ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ಪಂಚಾಯತಿನಿಂದ ಪಡೆದು, ಶಾಲಾ ದಾಖಲೆಯನ್ನೂ ಹಿರಿಯ ಬಂಧುಗಳ ಅಫಿದವಿತನ್ನೂ ಅದರೊಂದಿಗೆ ಜೋಡಿಸಬೇಕು. ಹುಟ್ಟಿದ್ದನ್ನು ಕಂಡ ಹಿರಿಯರು ಬದುಕಿರುವಾಗಲೇ ಇದನ್ನು ಮಾಡಿಸಿಕೊಳ್ಳಿರಿ ಎಂದು ನಾನು ಎಲ್ಲರಲ್ಲೂ ಬೇಡಿಕೊಳ್ಳುತ್ತೇನೆ.

ಹೆಸರಿನ ವ್ಯತ್ಯಾಸಕ್ಕೆ ನಮ್ಮಲ್ಲಿ ಒಳ್ಳೆಯ ಪರಿಹಾರವಿದೆ. ಕನ್ನಡದ ಶಾಲಾ ದಾಖಲೆ, ಮಲಯಾಳದ ರೇಷನ್ ಕಾರ್ಡು, ಇಂಗ್ಲಿಷಿನ ಆಧಾರ್ ಇವುಗಳಲ್ಲಿ ಒಬ್ಬರ ಹೆಸರೇ ಮೂರು ಬಗೆಯಾಗಿದ್ದರೆ, ಇವೆಲ್ಲ ಒಬ್ಬರೇ ಎಂದು ದೃಢಪಡಿಸುವ ಒನ್ ಆ್ಯಂಡ್ ಸೇಮ್ ಸರ್ಟಿಫಿಕೇಟನ್ನು ವಿಲ್ಲೇಜ್ ಆಫೀಸಿನಿಂದ ಇ-ಡಿಸ್ಟ್ರಿಕ್ಟ್ ಎಂಬ ಸರಕಾರಿ ಆನ್‌ಲೈನ್ ಸೇವೆಯ ಮೂಲಕ ಪಡೆಯಬಹುದು. ಆದರೆ ಪಾಸ್‌ಪೋರ್ಟಿನಲ್ಲಿ ಲಕ್ಷ್ಮಿ ಎಂದಷ್ಟೇ ಇದ್ದು ಉಪನಾಮದ ಜಾಗ ಖಾಲಿಯಿದ್ದರೆ ಅದನ್ನು ಮೊದಲೇ ಸರಿಪಡಿಸಬೇಕು, ಏಕೆಂದರೆ 2022ರ ನವೆಂಬರಿನಿಂದ ಯುಎಇ ಒಂದೇ ಪದದ ಹೆಸರಿನವರಿಗೆ ಭೇಟಿಯ ವೀಸಾದಲ್ಲಿ ನಿರ್ಬಂಧ ಹಾಕಿದೆ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ವಿಷಯದಲ್ಲಿ ಅನೇಕರಿಗೆ ಭಯವಿದೆ. ಗಲ್ಫ್ ಸೇರಿದಂತೆ ಕೆಲವು ನಿಗದಿತ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ ಮಾತ್ರ ಅವರಿಗೆ ಭಾರತ ಸರಕಾರದ ಎಮಿಗ್ರೇಶನ್ ಅನುಮತಿ ಬೇಕು, ಮತ್ತು 50 ವರ್ಷ ದಾಟಿದವರಿಗೆ ಅದರಿಂದ ವಿನಾಯಿತಿ ಇದೆ.

ಊರಿನಲ್ಲಿ ಬಿಟ್ಟುಹೋಗುವ ವ್ಯವಹಾರಕ್ಕೂ ಮೊದಲಿನ ಪ್ರಶ್ನೆಯೇ ಅಳತೆಗೋಲು. ಕೆಲಸಕ್ಕಾಗಿ ದೇಶ ಬಿಟ್ಟವರು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ. ಅವರ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಯಾಗಿ ಬದಲಾಯಿಸಬೇಕು. ಮೊಮ್ಮಗುವನ್ನು ನೋಡಲು ಕೆಲವು ತಿಂಗಳಿಗೆ ಹೋದವರಿಗೆ ಇದು ಬೇಡ. ಅಡಿಕೆ ತೋಟ ಇರುವವರು ಅನಿವಾಸಿಗಳಾದ ಮೇಲೂ ಅದನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೃಷಿಭೂಮಿಯನ್ನು ಖರೀದಿಸುವಂತಿಲ್ಲ. ತೋಟದ ಪಕ್ಕದ ತುಂಡು ಜಾಗವನ್ನು ಕೊಳ್ಳುವ ಮಾತುಕತೆ ಅರ್ಧದಲ್ಲಿದ್ದರೆ ಹೊರಡುವ ಮೊದಲೇ ನೋಂದಣಿ ಮಾಡಿಸುವುದು ಒಳಿತು. ಮುಕ್ತಿಯಾರು ಪತ್ರವನ್ನೂ (ಪವರ್ ಆಫ್ ಅಟಾರ್ನಿ) ಇಲ್ಲಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿಯೇ ಮಾಡಿಸಬೇಕು. ಅಲ್ಲಿಂದ ಬರೆದು ಕಳುಹಿಸಿದರೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಹಾಕಿಸುವ ಕೆಲಸ ಮತ್ತೆ ಇರುತ್ತದೆ. ಪಿಂಚಣಿ ಇರುವವರಿಗೆ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟು ಬೇಕು, ಅದನ್ನು ಆ ದೇಶದ ಭಾರತೀಯ ರಾಯಭಾರ ಕಚೇರಿ ಕೊಡುತ್ತದೆ.

ಎಲ್ಲ ಕಾಗದಗಳೂ ಸಿದ್ಧವಾದ ಮೇಲೆ ಆಧಾರಿಗೆ ಯಾವ ಮೊಬೈಲ್ ನಂಬರು ಜೋಡಣೆಯಾಗಿದೆ ಎಂದು ನೋಡುತ್ತೇನೆ. ಹೆಚ್ಚಿನ ಸಲ ಅದು ಮಗ ಊರಿನಲ್ಲಿದ್ದಾಗ ಬಳಸುತ್ತಿದ್ದ, ಈಗ ನಿಂತುಹೋದ ನಂಬರಾಗಿರುತ್ತದೆ. ಆಧಾರಿನ ಮೂಲಕ ನಡೆಯುವ ಬ್ಯಾಂಕಿನ, ಪಿಂಚಣಿಯ, ಭೂದಾಖಲೆಯ ಕೆಲಸಗಳ ಒಟಿಪಿಗಳೆಲ್ಲ ನಂಬಿರುವುದು ಆ ನಂಬರನ್ನೇ. ಹೊರಡುವವರ ಸ್ವಂತ ನಂಬರನ್ನು ಬೆರಳಚ್ಚು ಕೊಡಿಸಿ ಜೋಡಿಸುತ್ತೇನೆ, ಆ ಸಿಮ್ಮಿಗೆ ರೋಮಿಂಗ್ ಹಾಕಿಸಿ ರೀಚಾರ್ಜ್ ತಪ್ಪಿಸದಿರಲು ಹೇಳುತ್ತೇನೆ, ಮತ್ತು ಆ ಫೋನು ಮಕ್ಕಳ ಕೈಯಲ್ಲಲ್ಲ, ಅವರ ಕೈಯಲ್ಲಿಯೇ ಇರಬೇಕೆಂದು ಮಕ್ಕಳಿಗೆ ಕೇಳಿಸುವಂತೆಯೇ ಹೇಳುತ್ತೇನೆ.