ಅರ್ಧಚಂದ್ರದ ಬೆನ್ನು

ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಶನಿವಾರ ಅವಳು ನನ್ನನ್ನು ಬಾತ್ ನಗರಕ್ಕೆ ಕರೆದೊಯ್ದಳು. ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡದ ಕೆಲಸವನ್ನೇ ನೋಡಿಕೊಂಡು ನಿವೃತ್ತನಾದ ನನಗೆ ರಾಯಲ್ ಕ್ರೆಸೆಂಟಿನ ಸಾಲುಮನೆಗಳನ್ನು ತೋರಿಸಬೇಕೆಂಬುದು ಅವಳ ಬಹುದಿನದ ಆಸೆಯಾಗಿತ್ತು. ಬ್ರಾಕ್ ಸ್ಟ್ರೀಟಿನ ಕೊನೆ ಮುಟ್ಟುವವರೆಗೂ ಮುಂದೇನಿದೆ ಎಂಬ ಸುಳಿವೇ ಸಿಗುವುದಿಲ್ಲ. ಮೂಲೆ ದಾಟಿದ ಕೂಡಲೇ ಸುಮಾರು 150 ಮೀಟರ್ ಉದ್ದದ, ಅರ್ಧಚಂದ್ರದಂತೆ ಬಾಗಿದ ಕಲ್ಲಿನ ಕಟ್ಟಡ ವಿಶಾಲವಾದ ಹುಲ್ಲುಹಾಸಿನತ್ತ ಮುಖ ಮಾಡಿ ನಿಂತಿರುತ್ತದೆ.

ನೋಡಿದವರು ಒಂದೇ ಅರಮನೆಯೆಂದುಕೊಳ್ಳಬೇಕು, ಹಾಗಿದೆ ಅದರ ಮುಖ. ಆದರೆ ಅಲ್ಲಿರುವುದು ಗೋಡೆಗೆ ಗೋಡೆ ಸೇರಿದ 30 ಮನೆಗಳು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1767ರಿಂದ 1774ರವರೆಗೆ ಇದನ್ನು ಕಟ್ಟಿಸಿದ. ನೆಲ ಅಂತಸ್ತನ್ನು ಬಹುತೇಕ ಅಲಂಕಾರವಿಲ್ಲದೆ ಬಿಟ್ಟು, ಅದರ ಮೇಲಿನ ಎರಡು ಅಂತಸ್ತುಗಳನ್ನು ಒಟ್ಟಾಗಿ ಹಿಡಿಯುವಂತೆ 114 ಅಯೋನಿಕ್ ಕಂಬಗಳನ್ನು, ಎಂದರೆ ತಲೆಯಲ್ಲಿ ಸುರುಳಿ ಕೆತ್ತನೆಯಿರುವ ಗ್ರೀಕ್ ಶೈಲಿಯ ಕಂಬಗಳನ್ನು, ನಿಲ್ಲಿಸಿದ್ದಾನೆ. ಒಂದು ಮನೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಬಾಗಿಲುಗಳನ್ನು ನೋಡಿಯೇ ತಿಳಿಯಬೇಕು. ಗೋಡೆಯನ್ನು ಮುಟ್ಟಿ, ಬಗ್ಗಿ ನೋಡಿದೆ. ಜೇನಿನ ಬಣ್ಣದ ಆ ಸುಣ್ಣಕಲ್ಲಿನ ತುಂಬ ಸಣ್ಣ ರವೆಯಂಥ ದುಂಡು ಕಣಗಳು. ಯಾವ ದಿಕ್ಕಿಗಾದರೂ ಕೊಯ್ಯಲು ಒಗ್ಗುವ ಮೆದುಕಲ್ಲು ಅದು. ಇಷ್ಟು ನುಣುಪಾದ ಸಂದುಗಳು ಹೇಗೆ ಸಾಧ್ಯವಾದವೆಂಬುದು ಆಗ ಅರ್ಥವಾಯಿತು.

ಈ ಏಕರೂಪವನ್ನು ಕಾಯುವುದು ಸುಲಭವಲ್ಲ. 1970ರ ದಶಕದಲ್ಲಿ 22ನೆಯ ಮನೆಯ ಒಡತಿ ಬಾಗಿಲಿಗೆ ಹಳದಿ ಬಳಿಸಿದಾಗ ನಗರಾಡಳಿತ ಬಣ್ಣ ಬದಲಿಸುವಂತೆ ನೋಟಿಸ್ ಕೊಟ್ಟಿತ್ತು. ವಿಚಾರಣೆ ನಡೆದು, ಕೊನೆಗೆ ಹಳದಿಯೇ ಉಳಿಯಿತು. ಉಳಿದದ್ದು ಒಳ್ಳೆಯದಾಯಿತೆಂದೇ ನನಗೆ ಅನ್ನಿಸುತ್ತದೆ. ಒಂದನೆಯ ಮನೆ ಈಗ ಮ್ಯೂಸಿಯಂ. ಅದರೊಳಗೆ ಒಂದು ಸುತ್ತು ಹಾಕಿ ಹೊರಬಂದ ಮೇಲೆ, ಕಟ್ಟಡದ ಹಿಂಭಾಗವನ್ನು ನೋಡಲೇಬೇಕೆಂದು ಮಗಳನ್ನು ಒತ್ತಾಯಿಸಿದೆ.

ಹಿಂದಿನ ಕ್ರೆಸೆಂಟ್ ಲೇನ್‌ಗೆ ಬಂದಾಗ ಅವಳು ನಿಂತುಬಿಟ್ಟಳು. ನಯವಾದ ಕಲ್ಲಿಲ್ಲ, ಕಂಬಗಳಿಲ್ಲ. ಒರಟು ಕಲ್ಲಿನ ಗೋಡೆಗಳು. ಒಂದು ಮನೆ ಮುಂದಕ್ಕೆ ಚಾಚಿದೆ, ಪಕ್ಕದ್ದು ಹಿಂದೆ ಸರಿದಿದೆ. ಒಂದರ ಕಿಟಕಿಗಳ ಎತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಗೋಡೆಗಳ ಮೈಮೇಲೆ ಕೊಳವೆಗಳು ಇಳಿದಿವೆ.

"ಇದನ್ನೆಲ್ಲ ಆಮೇಲೆ ಬಂದವರು ಕೆಡಿಸಿದ್ದಾ ಅಪ್ಪ?" ಎಂದು ಕೇಳಿದಳು.

"ಒಂದಿಷ್ಟು ಆಮೇಲಿನದು ಇರಬಹುದಮ್ಮ, ಆದರೆ ಮೊದಲಿನಿಂದಲೂ ಹೀಗೆಯೇ," ಎಂದೆ.

ವುಡ್ ಬಿಗಿಯಾಗಿ ಹಿಡಿದದ್ದು ಮುಂಭಾಗವೊಂದನ್ನೇ. ಕೊಳ್ಳುವವರು ಆ ಮುಖದ ಇಂತಿಷ್ಟು ಉದ್ದವನ್ನು ಕೊಂಡು, ಅದರ ಹಿಂದೆ ತಮ್ಮದೇ ವಾಸ್ತುಶಿಲ್ಪಿಯಿಂದ ತಮಗೆ ಬೇಕಾದಂತೆ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಎಷ್ಟು ಕೋಣೆ, ಮೆಟ್ಟಿಲು ಎಲ್ಲಿ, ಹಿಂದಕ್ಕೆ ಎಷ್ಟು ಆಳ ಎಂಬುದೆಲ್ಲ ಅವರವರ ಅನುಕೂಲಕ್ಕೆ ಬಿಟ್ಟದ್ದು. ಬೀದಿಗೆ ಸಲ್ಲಬೇಕಾದದ್ದನ್ನು ಬೀದಿಗೆ ಕೊಟ್ಟು, ಉಳಿದದ್ದನ್ನು ಮನೆಯವರಿಗೆ ಬಿಟ್ಟ ಈ ಕರಾರು ನನಗೆ ಆ ಕಂಬಗಳಿಗಿಂತ ಹೆಚ್ಚು ಹಿಡಿಸಿತು. ನಮ್ಮಜ್ಜನ ಊರಿನ ಅಗ್ರಹಾರದಲ್ಲಿಯೂ ಬೀದಿಯುದ್ದಕ್ಕೆ ಜಗಲಿ ಒಂದೇ ಸಮನಾಗಿ ಸಾಗುತ್ತಿತ್ತು, ಹಿತ್ತಿಲು ಮಾತ್ರ ಮನೆಗೊಂದು ತೆರನಾಗಿತ್ತು.

ಎರಡು ಮನೆಗಳಿಗೂ ಸೇರಿದ ನಡುಗೋಡೆ ಎಲ್ಲಿದೆಯೆಂದು ಹೊರಗಿನಿಂದ ಪತ್ತೆಹಚ್ಚುವುದು ಹೇಗೆಂದು ಮಗಳಿಗೆ ತೋರಿಸಿದೆ: ಒಲೆಗಳ ಹೊಗೆ ಆ ದಪ್ಪ ಗೋಡೆಯೊಳಗಿಂದಲೇ ಏರುವುದರಿಂದ, ಚಿಮಣಿಗಳ ಗುಂಪು ಎದ್ದುನಿಂತ ಕಡೆ ಕೆಳಗೆ ನಡುಗೋಡೆ ಇರುತ್ತದೆ. ಅವಳು ಓಣಿಯುದ್ದಕ್ಕೂ ತಲೆಯೆತ್ತಿಕೊಂಡು ಒಂದೊಂದೇ ಮನೆಯನ್ನು ಎಣಿಸತೊಡಗಿದಳು. ಹನ್ನೊಂದಕ್ಕೆ ಬರುವಷ್ಟರಲ್ಲಿ ಯಾರದೋ ಎತ್ತರದ ಕಾಂಪೌಂಡು ಗೋಡೆ ಅಡ್ಡ ಬಂತು.